ಹಳೆ ಕೋವಿಗೆ ಹೊಸ ಟ್ರಿಗರ್

ಕೋವಿಯ ಭಾಗಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಟ್ರಿಗರ್. ಕೋವಿಯನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದವರಿಗೂ ಬೆರಳು ಎಲ್ಲಿಡಬೇಕೆಂದು ಗೊತ್ತಿರುತ್ತದೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಲ್ಲಂತೂ ಅದು ನೋಡಲು ಏನೂ ಅಲ್ಲ. ಒಂದು ಮೊಳೆಯ ಮೇಲೆ ತೂಗುವ, ಕೊಂಚ ಬಾಗಿದ ಕಬ್ಬಿಣದ ಪಟ್ಟಿ, ಅಷ್ಟೆ. ಮುರಿದರೆ, ಸವೆದರೆ ಇನ್ನೊಂದನ್ನು ಬಡಿಸಿ ಕೂರಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಪಟ್ಟಿಯನ್ನು ಬದಲಿಸಿದಾಗ ಬದಲಾಗುವುದು ಪಟ್ಟಿಯೊಂದೇ ಅಲ್ಲ, ಆ ಕೋವಿ ಯಾವಾಗ ಸಿಡಿಯಬೇಕು, ಯಾವಾಗ ಸಿಡಿಯಬಾರದು ಎಂಬ ಲೆಕ್ಕವೇ ಬದಲಾಗುತ್ತದೆ. ಸರ್ಕಾರ ಕೋವಿಯ ಕಾಗದಪತ್ರವನ್ನು ಎಷ್ಟು ಶ್ರದ್ಧೆಯಿಂದ ನೋಡುತ್ತದೆಯೋ ಕೋವಿಯ ಹೊಟ್ಟೆಯೊಳಗಿನ ಈ ಲೆಕ್ಕವನ್ನು ಅಷ್ಟೇ ಸಲೀಸಾಗಿ ಮರೆತುಬಿಟ್ಟಿದೆ. ಕೋವಿ ಇಟ್ಟುಕೊಂಡವರಲ್ಲೂ ಅನೇಕರದು ಅದೇ ಮರೆವು.

ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ದೆಹಲಿ ಸೇರಿದ ಕನ್ನಡಿಗರಿಗೆ ಇದು ದೂರದ ವಿಷಯವೇನಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ತೋಟದ ಮನೆಗಳಿಂದ ಹೊರಟವರ ಊರಮನೆಯಲ್ಲಿ ಅಪ್ಪನ ಅಥವಾ ಅಜ್ಜನ ಹೆಸರಿನ ಕೋವಿಯೊಂದು ಇದ್ದರೆ, ಅದರ ಪ್ರಶ್ನೆ ಒಂದಲ್ಲ ಒಂದು ದಿನ ಅವರ ಬಾಗಿಲಿಗೆ ಬಂದೇ ಬರುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡ ಮೇಲೆ ವಾರಸುದಾರ ಅರ್ಜಿ ಹಾಕಬಹುದು. ಪರವಾನಗಿದಾರನಿಗೆ 70 ವರ್ಷ ತುಂಬಿದರೆ ಅಥವಾ ಅವನು ಕೋವಿ ಇಟ್ಟುಕೊಂಡು 25 ವರ್ಷವಾಗಿದ್ದರೆ ಅವನು ಬದುಕಿರುವಾಗಲೇ ಹಾಕಬಹುದು. ಆಗ ಮಕ್ಕಳು ತಹಶೀಲ್ದಾರರ ಕಚೇರಿ, ಠಾಣೆ, ಜಿಲ್ಲಾಧಿಕಾರಿ ಕಚೇರಿ ಎಂದು ರಜೆ ಹಾಕಿ ಓಡಾಡುತ್ತಾರೆ. ವಂಶವೃಕ್ಷ, ಒಪ್ಪಿಗೆ ಪತ್ರ, ಫೋಟೋ ಎಲ್ಲವನ್ನೂ ಹೊಂದಿಸುತ್ತಾರೆ. ಕೋವಿ ಸರಿಯಾಗಿದೆಯೇ ಎಂಬ ಪ್ರಶ್ನೆ ಮಾತ್ರ ಆ ಕಡತದ ಯಾವ ಹಾಳೆಯಲ್ಲೂ ಎದ್ದುಕಾಣುವುದಿಲ್ಲ.

ಬಾಯಿಮದ್ದಿನ ಕೋವಿಗೆ ಈ ದೇಶದ ಕಾನೂನಿನಲ್ಲಿ ಒಂದು ವಿಶೇಷ ಜಾಗವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಅದನ್ನು ಹೆಸರಿಟ್ಟು ಕರೆಯುತ್ತದೆ. ನಿಜವಾಗಿಯೂ ಬೆಳೆ ಕಾಯಲು ಬೇಕೆನ್ನುವವರಿಗೆ ಕೊಡಬೇಕಾದ ಕೋವಿ ಇದು. ಇದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ನಯವಾದ ನಳಿಗೆಯ ಬೇರೆ ಕೋವಿ ಕೊಡಬಹುದು. ಅಂದರೆ ರೈತನ ಕೋವಿ ಎಂದು ಕಾನೂನು ಒಪ್ಪಿಕೊಂಡಿರುವುದು ಇದನ್ನೇ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಬೇರೆಯೇ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಕ್ಕಿನ ಬಗ್ಗೆ ಇಷ್ಟೆಲ್ಲ ಚರ್ಚೆಯಾಗಿದೆ. ಹಕ್ಕಿನ ವಸ್ತುವಿನ ಆರೋಗ್ಯದ ಬಗ್ಗೆ ಮಾತ್ರ ಚರ್ಚೆ ನಡೆದದ್ದು ಕಡಿಮೆ.

ಟ್ರಿಗರ್ ಯಾಕೆ ಸಣ್ಣ ವಿಷಯವಲ್ಲ ಎಂದು ತಿಳಿಯಲು ಕೋವಿಯ ಲಾಕ್ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ಬಡಿತಕ್ಕೆ ಸಿಡಿಯುವ ಮದ್ದನ್ನು ಕೋವಿಗೆ ಒಗ್ಗಿಸಿ 1807ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಅಲ್ಲಿಂದ ಮುಂದೆ ತಾಮ್ರದ ಪುಟ್ಟ ಟೋಪಿಯಂಥ ಕೇಪು ಬಂತು, ಚಕಮಕಿ ಕಲ್ಲು ಹಿಂದೆ ಸರಿಯಿತು. ಆದರೆ ಲಾಕಿನ ಒಳರಚನೆ ಹೆಚ್ಚುಕಡಿಮೆ ಚಕಮಕಿ ಕೋವಿಯದೇ ಉಳಿಯಿತು. ಕೋವಿಯ ಮಗ್ಗುಲಲ್ಲಿ ಮರದೊಳಗೆ ಕೂರಿಸಿದ ಒಂದು ಉಕ್ಕಿನ ತಟ್ಟೆ, ಅದರ ಒಳಮೈಗೆ ಜೋಡಿಸಿದ ನಾಲ್ಕೈದು ತುಂಡುಗಳು. ಹೊರಗೆ ಕಾಣುವುದು ಕುದುರೆ, ಅಂದರೆ ಕೇಪಿನ ಮೇಲೆ ಬಡಿಯುವ ಸುತ್ತಿಗೆಯಂಥ ಭಾಗ. ಕುದುರೆಯ ಅಚ್ಚಿನ ಒಳತುದಿಯಲ್ಲಿ ಟಂಬ್ಲರ್ ಎಂಬ ಉಕ್ಕಿನ ಬಿಲ್ಲೆ. ದೊಡ್ಡ ಸ್ಪ್ರಿಂಗೊಂದು ಆ ಬಿಲ್ಲೆಯ ಮೂಲಕ ಕುದುರೆಯನ್ನು ಸದಾ ಕೇಪಿನ ಕಡೆಗೆ ಒತ್ತುತ್ತಿರುತ್ತದೆ. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚುಗಳಿವೆ. ಸಿಯರ್ ಎಂಬ ಪುಟ್ಟ ಸನ್ನೆಯ ಮೂತಿ ಆ ಕಚ್ಚಿಗೆ ಸಿಕ್ಕಿಕೊಂಡು ಕುದುರೆಯನ್ನು ತಡೆದು ನಿಲ್ಲಿಸುತ್ತದೆ. ಸಿಯರಿನ ಇನ್ನೊಂದು ತುದಿ ತೋಳಿನಂತೆ ಮರದೊಳಗೆ ಅಡ್ಡಲಾಗಿ ಚಾಚಿ ಟ್ರಿಗರಿನ ನೆತ್ತಿಯ ಮೇಲೆ ನಿಂತಿರುತ್ತದೆ. ಬೆರಳು ಎಳೆದಾಗ ಟ್ರಿಗರಿನ ನೆತ್ತಿ ಮೇಲೆದ್ದು ತೋಳನ್ನು ಎತ್ತುತ್ತದೆ, ಮೂತಿ ಕಚ್ಚಿನಿಂದ ಜಾರುತ್ತದೆ, ಕುದುರೆ ಬೀಳುತ್ತದೆ.

ಎರಡು ಕಚ್ಚುಗಳ ಕೆಲಸ ಬೇರೆ ಬೇರೆ. ಮೊದಲನೆಯದು ಆಳದ್ದು. ಕುದುರೆಯನ್ನು ಅರ್ಧ ಎತ್ತಿದಾಗ ಸಿಯರಿನ ಮೂತಿ ಅದರೊಳಗೆ ಪೂರ್ತಿ ಇಳಿದು ಕೂರುತ್ತದೆ. ಆಗ ಟ್ರಿಗರ್ ಎಳೆದರೂ ಮೂತಿ ಹೊರಬರಬಾರದು. ಹಳೆಯ ಕೋವಿಗೆ ಇರುವ ಸುರಕ್ಷತೆ ಇದೊಂದೇ. ಈಗಿನ ಬಂದೂಕುಗಳಲ್ಲಿರುವ ಸೇಫ್ಟಿ ಗುಂಡಿ ಇದಕ್ಕೆ ಇಲ್ಲ. ಕುದುರೆಯನ್ನು ಪೂರ್ತಿ ಇಳಿಸಿ ಕೇಪಿನ ಮೇಲೆಯೇ ಒರಗಿಸಿಟ್ಟರೆ ಕೋವಿ ಕಲ್ಲಿನ ಮೇಲೆ ಬಿದ್ದಾಗ, ಕುದುರೆಗೆ ಏಟು ತಗುಲಿದಾಗ ಸಿಡಿಯಬಹುದು. ಹಾಗಾಗಿ ಈಡು ತುಂಬಿದ ಕೋವಿಯನ್ನು ಹೊತ್ತು ನಡೆಯುವುದು ಅರ್ಧ ಕುದುರೆಯಲ್ಲಿ. ಎರಡನೆಯ ಕಚ್ಚು ಆಳ ಕಡಿಮೆ ಇರುವಂಥದು. ಪೂರ್ತಿ ಕುದುರೆ ಎತ್ತಿದಾಗ ಮೂತಿ ಅದರ ಅಂಚಿಗಷ್ಟೇ ಆತುಕೊಳ್ಳುತ್ತದೆ, ಬೆರಳಿನ ಮಾತು ಕೇಳಲು ಸಿದ್ಧವಾಗಿರುತ್ತದೆ.

ಈಗ ಹೊಸ ಟ್ರಿಗರಿನ ವಿಷಯಕ್ಕೆ ಬರಬಹುದು. ಪಟ್ಟಿಯ ಆಕಾರ ಹಳೆಯದರಂತೆಯೇ ಇದೆ, ಮೊಳೆ ಸರಿಯಾಗಿ ಕೂತಿದೆ, ಎಳೆದರೆ ಕುದುರೆ ಬೀಳುತ್ತಿದೆ. ಇಷ್ಟಾದರೆ ಕೆಲಸ ಮುಗಿಯಿತು ಎಂದು ಅನ್ನಿಸುವುದು ಸಹಜ. ಆದರೆ ನಿಜವಾದ ಪರೀಕ್ಷೆ ಇರುವುದು ಬೆರಳು ಟ್ರಿಗರನ್ನು ಮುಟ್ಟದೆ ಇರುವಾಗ. ಟ್ರಿಗರಿನ ನೆತ್ತಿ ಕೂದಲೆಳೆಯಷ್ಟು ಎತ್ತರವಾದರೂ ಅದು ಸಿಯರಿನ ತೋಳನ್ನು ಸದಾ ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ತೋಳು ಅತಿ ಕೆಳಕ್ಕೆ ಇಳಿಯುವುದು ಮೂತಿ ಅತಿ ಆಳಕ್ಕೆ ಹೋದಾಗ, ಅಂದರೆ ಅರ್ಧ ಕುದುರೆಯಲ್ಲಿ. ಆದ್ದರಿಂದ ಎತ್ತರದ ಟ್ರಿಗರ್ ಮೊದಲು ಕೆಡಿಸುವುದು ಅರ್ಧ ಕುದುರೆಯನ್ನೇ. ಮೂತಿ ಕಚ್ಚಿನ ತಳ ಮುಟ್ಟದೆ ಅಂಚಿನಲ್ಲೇ ನೇತಾಡುತ್ತದೆ. ನೋಡುವವರಿಗೆ ಕುದುರೆ ನಿಂತಂತೆ ಕಾಣುತ್ತದೆ. ಎಳೆದವರಿಗೆ ಟ್ರಿಗರ್ ಚುರುಕಾದಂತೆಯೂ ಅನ್ನಿಸುತ್ತದೆ. ಒಂದು ಜೋರು ಕುಲುಕಿಗೆ ಮೂತಿ ಜಾರಿತೆಂದರೆ, ಅಥವಾ ಅಷ್ಟು ಚಿಕ್ಕ ಅಂಚಿನ ಮೇಲೆ ಭಾರ ಬಿದ್ದು ಮುಕ್ಕಾಯಿತೆಂದರೆ, ಕೋವಿ ಹೊತ್ತವನ ಮುಂದೆ ನಡೆಯುತ್ತಿರುವವನ ಗತಿ ಏನು ಎಂದು ಹೇಳಬೇಕಾಗಿಲ್ಲ.

ಹಾಗಾಗಿ ಬಲ್ಲ ಕುಶಲಕರ್ಮಿ ಟ್ರಿಗರನ್ನು ಮೂರು ಸ್ಥಿತಿಯಲ್ಲೂ ನೋಡುತ್ತಾನೆ: ಕುದುರೆ ಕೆಳಗಿರುವಾಗ, ಅರ್ಧದಲ್ಲಿರುವಾಗ, ಪೂರ್ತಿ ಎತ್ತಿರುವಾಗ. ಅರ್ಧ ಕುದುರೆಯಲ್ಲಿ ಟ್ರಿಗರಿಗೂ ಸಿಯರಿನ ತೋಳಿಗೂ ನಡುವೆ ಒಂಚೂರು ಸಂದು ಉಳಿಸುತ್ತಾನೆ. ಆ ಸಂದಿನಿಂದಾಗಿ ಪೂರ್ತಿ ಕುದುರೆಯಲ್ಲಿ ಟ್ರಿಗರ್ ಕೊಂಚ ಸಡಿಲವಾಗಿ ಆಡುತ್ತದೆ, ಬೆರಳಿಗೆ ಮೊದಲು ಖಾಲಿ ಎಳೆತ ಸಿಗುತ್ತದೆ. ಅದು ದೋಷವಲ್ಲ. ಸರಳ ಟ್ರಿಗರಿನ ಕೋವಿಯಲ್ಲಿ ಸುರಕ್ಷತೆಗೆ ತೆರುವ ಬೆಲೆ ಅದು.

ಮಲೆನಾಡಿನಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಅದು ಮಳೆಯದು. ಟ್ರಿಗರ್ ಕೂತಿರುವುದು ಮರದಲ್ಲಿ ಕೊರೆದ ಸೀಳಿನಲ್ಲಿ. ಏಪ್ರಿಲಿನ ಒಣ ಹವೆಯಲ್ಲಿ ಗಾಳಿ ಆಡದಷ್ಟು ಬಿಗಿಯಾಗಿ ಕೂರಿಸಿದ ಪಟ್ಟಿ, ಜುಲೈನ ಥಂಡಿಗೆ ಮರ ಊದಿಕೊಂಡಾಗ ಹಿಂಡಿಸಿಕೊಳ್ಳುತ್ತದೆ. ಎಳೆದ ಟ್ರಿಗರ್ ಹಿಂದಿರುಗದೆ ಅಲ್ಲೇ ಸಿಕ್ಕಿಕೊಂಡರೆ, ಮುಂದಿನ ಸಲ ಕುದುರೆ ಎತ್ತಿದಾಗ ಸಿಯರ್ ಕಚ್ಚಿಗೆ ಪೂರ್ತಿ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಸರಿಯಿದ್ದ ಕೋವಿ ಆಟಿಯಲ್ಲಿ ಅಪಾಯದ ಕೋವಿಯಾಗುತ್ತದೆ. ದೂರದ ಒಣಪ್ರದೇಶದ ಕಾರ್ಖಾನೆಯ ಅಳತೆ ಇಲ್ಲಿಯ ಮಳೆಗಾಲವನ್ನು ಬಲ್ಲುದಲ್ಲ. ಇದನ್ನು ಬಲ್ಲವನು ಇದೇ ಸೀಮೆಯ ಕೆಲಸಗಾರನೇ ಆಗಿರಬೇಕು.

ಇನ್ನೊಂದು ಮೋಹ ಹಗುರ ಟ್ರಿಗರಿನದು. ಬೆರಳು ಸೋಕಿಸಿದರೆ ಸಾಕು, ಈಡು ಹಾರುತ್ತದೆ ಎಂದು ಹೊಗಳಿಸಿಕೊಳ್ಳುವ ಕೋವಿಗಳಿವೆ. ಗುರಿಪಂದ್ಯದಲ್ಲಿ ಅದಕ್ಕೆ ಅರ್ಥವಿದೆ. ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವವನಿಗೆ ಎಳೆತ ಹಗುರವಾದಷ್ಟೂ ನಳಿಗೆ ಅಲುಗುವುದು ಕಡಿಮೆ. ಜರ್ಮನಿಯ ಬೇಟೆಗಾರರು ಇದಕ್ಕೆಂದೇ ಎರಡು ಟ್ರಿಗರಿನ ಏರ್ಪಾಟು ಮಾಡಿಕೊಂಡಿದ್ದರು. ಒಂದನ್ನು ಎಳೆದು ಸಜ್ಜುಮಾಡಿದರೆ ಇನ್ನೊಂದು ಸೋಕಿದೊಡನೆ ಬಿಡುಗಡೆಯಾಗುತ್ತದೆ. ಅಮೆರಿಕದ ಉದ್ದ ನಳಿಗೆಯ ರೈಫಲ್‌ಗಳಿಗೂ ಅದು ಹೋಯಿತು. ಅಲ್ಲಿ 1968ರ ಬಂದೂಕು ಕಾಯ್ದೆ ಬಾಯಿಮದ್ದಿನ ಹಳೆಯ ಕೋವಿಗಳನ್ನೂ ಅವುಗಳ ಬಹುಪಾಲು ಹೊಸ ಪ್ರತಿಗಳನ್ನೂ ಕೇಂದ್ರದ ಬಂದೂಕು ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹಾಗಾಗಿ ಟ್ರಿಗರನ್ನು ಅಂಚೆಯಲ್ಲಿ ತರಿಸಿ ಮನೆಯ ಮೇಜಿನ ಮೇಲೆ ಜೋಡಿಸುವ ಹವ್ಯಾಸ ಅಲ್ಲಿ ಬೆಳೆದಿದೆ. ಅಲ್ಲಿಯ ಹವ್ಯಾಸಿಗೆ ಗುರಿಯ ಹಲಗೆ ಇದೆ, ಹಗಲಿನ ಬೆಳಕಿದೆ, ಹಿಂದೆ ಮಣ್ಣಿನ ದಿಬ್ಬವಿದೆ.

ತೋಟ ಕಾಯುವವನ ಸ್ಥಿತಿ ಬೇರೆ. ಅವನು ನಡುರಾತ್ರಿ, ತೊಯ್ದ ಕೈಯಲ್ಲಿ, ಬೇಲಿ ದಾಟುತ್ತಾ, ಅಡಿಕೆ ಬುಡದ ಕಪ್ಪು ಹಾರುತ್ತಾ ಹೋಗುತ್ತಾನೆ. ಅವನಿಗೆ ಬೇಕಾದದ್ದು ಬಹುತೇಕ ಸಲ ಹಂದಿಯನ್ನೋ ಮಂಗನನ್ನೋ ಬೆದರಿಸುವ ಒಂದು ಸದ್ದು. ಅಂಥ ಕೋವಿಗೆ ಒಂದೂವರೆ ಎರಡು ಕಿಲೋದಷ್ಟು ಭಾರದ, ಮನಸ್ಸಿಟ್ಟು ಎಳೆದರೆ ಮಾತ್ರ ಬಿಡುವ ಟ್ರಿಗರೇ ಒಳ್ಳೆಯದು. ಟ್ರಿಗರ್ ಹೊಂದಬೇಕಾದದ್ದು ಮೊದಲು ಕಚ್ಚಿಗೆ, ಆಮೇಲೆ ಬೆರಳಿಗೆ.

ಹಗುರ ಮಾಡುವ ಅಡ್ಡದಾರಿಗಳೂ ಕೆಟ್ಟವೇ. ಸುಲಭದ್ದು ಎಂದರೆ ಎರಡನೆಯ ಕಚ್ಚನ್ನು ಅರದಿಂದ ಉಜ್ಜುವುದು. ಹಳೆಯ ಟಂಬ್ಲರುಗಳು ಅನೇಕ ಸಲ ಮೆತು ಕಬ್ಬಿಣದವು. ಮೇಲ್ಮೈಗೆ ಮಾತ್ರ ಹದ ಕೊಟ್ಟು ಗಟ್ಟಿಗೊಳಿಸಿದ ತೆಳು ಚರ್ಮ ಅವಕ್ಕಿರುತ್ತದೆ. ಅರ ಆ ಚರ್ಮವನ್ನು ದಾಟಿತೆಂದರೆ ಕೆಳಗಿನ ಮೆತು ಲೋಹ ಬೇಗನೆ ಸವೆಯುತ್ತದೆ. ಇಂದು ಹಿತವಾಗಿರುವ ಎಳೆತ ಇನ್ನೊಂದಿಷ್ಟು ಈಡು ಹಾರುವಷ್ಟರಲ್ಲಿ ತಾನೇ ತಾನಾಗಿ ಕುದುರೆ ಬೀಳುವ ಮಟ್ಟಕ್ಕೆ ಬರಬಹುದು. ಕೋನ ತಪ್ಪಿದರಂತೂ ಸ್ಪ್ರಿಂಗಿನ ಒತ್ತಡವೇ ಮೂತಿಯನ್ನು ಹೊರಕ್ಕೆ ನೂಕುತ್ತದೆ. ದೊಡ್ಡ ಸ್ಪ್ರಿಂಗನ್ನೇ ಮೆತ್ತಗೆ ಮಾಡಿದರೆ ಕುದುರೆಯ ಬಡಿತ ಸಾಲದೆ ಕೇಪು ಹೊತ್ತದೆ ಉಳಿಯುತ್ತದೆ. ಹೊತ್ತದ ಕೋವಿಯನ್ನು ಹತ್ತಿರದಿಂದ ಬಗ್ಗಿ ನೋಡುವುದು ಇನ್ನೊಂದು ಅಪಾಯ. ಇವೆಲ್ಲ ಕುಲುಮೆಯವನ ಕೈಗುಣದ ಕೊರತೆಯಲ್ಲ. ಕತ್ತಿ, ಗುದ್ದಲಿ ಚೆನ್ನಾಗಿ ಹಣಿಯುವವನು ಟಂಬ್ಲರಿನ ಹದ ಬಲ್ಲವನೇ ಆಗಿರಬೇಕಿಲ್ಲ. ಅವನಲ್ಲಿಗೆ ಕೋವಿ ಒಯ್ದವರದು ಮೊದಲ ತಪ್ಪು.

ಬಾಯಿಮದ್ದಿನ ಕೋವಿಯ ಇನ್ನೊಂದು ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ತೋಟಾ ಕೋವಿಯನ್ನು ಮಡಚಿ ಕಣ್ಣಿಟ್ಟು ನೋಡಿದರೆ ಒಳಗೆ ತೋಟಾ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದರಲ್ಲಿ ಗೊತ್ತಾಗುವುದಿಲ್ಲ. ಒಮ್ಮೆ ತುಂಬಿದ ಈಡನ್ನು ಹೊರಗೆ ತೆಗೆಯುವುದು ತಾಪತ್ರಯದ ಕೆಲಸವಾದ್ದರಿಂದ ಹಾಗೇ ಗೋಡೆಗೆ ನೇತುಹಾಕಿ ಮರೆಯುವುದುಂಟು. ಅಜ್ಜ ತುಂಬಿಟ್ಟ ಈಡು ಮೊಮ್ಮಗನ ಕಾಲಕ್ಕೂ ಒಳಗೇ ಇರಬಹುದು. ಕರಿಮದ್ದು ಒಣಗಿದ್ದರೆ ಹಳೆಯದಾದ ಮಾತ್ರಕ್ಕೆ ಸಾಯುವುದಿಲ್ಲ. ಹಾಗಾಗಿ ಲಾಕ್ ಬಿಚ್ಚುವ ಮೊದಲು ಕೇಪು ತೆಗೆದು, ಗಜವನ್ನು ನಳಿಗೆಯೊಳಗೆ ಇಳಿಸಿ, ಅದು ಎಷ್ಟು ಆಳ ಹೋಯಿತೆಂದು ಗುರುತು ಮಾಡಿ, ಅದೇ ಗಜವನ್ನು ಹೊರಗಿನಿಂದ ನಳಿಗೆಯ ಉದ್ದಕ್ಕೆ ಹಿಡಿದು ನೋಡುವುದು ಹಳಬರ ಕ್ರಮ. ಗುರುತು ನಳಿಗೆಯ ಬುಡ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದೇ ಅರ್ಥ. ಬಂಬಯಿಯಿಂದ ರಜೆಗೆ ಬಂದ ಮಗ ಅಜ್ಜನ ಕೋವಿಯನ್ನು ಫೋಟೋಗೆಂದು ಇಳಿಸುವ ಮುನ್ನ ತಿಳಿಯಬೇಕಾದ ಮೊದಲ ಪಾಠ ಇದು.

ಹಾಗಾದರೆ ಟ್ರಿಗರ್ ಕೆಟ್ಟವರು ಎಲ್ಲಿಗೆ ಹೋಗಬೇಕು? ಕಾಯ್ದೆಯ 5ನೇ ಕಲಮು ಬಂದೂಕು ತಯಾರಿಸಲು, ಮಾರಲು ಮಾತ್ರವಲ್ಲ, ದುರಸ್ತಿ ಮಾಡಲೂ ಪರವಾನಗಿ ಬೇಕೆನ್ನುತ್ತದೆ. ಇದು ಸರಿಯಾದ ಮಾತೇ. ಆದರೆ ಪರವಾನಗಿ ಇರುವ ಬಂದೂಕಿನಂಗಡಿಗಳು ಇರುವುದು ದೊಡ್ಡ ಊರುಗಳಲ್ಲಿ. ಅಲ್ಲಿಯ ವ್ಯವಹಾರವೂ ಹೆಚ್ಚಾಗಿ ತೋಟಾ ಕೋವಿ, ಪಿಸ್ತೂಲಿನದು. ಕಡಿಮೆ ಬೆಲೆಯ ಹಳೆ ಕೋವಿಯ ಲಾಕನ್ನು ಬಿಚ್ಚಿ ಅರ್ಧ ದಿನ ಕೂರುವುದರಲ್ಲಿ ಅಂಗಡಿಯವನಿಗೆ ಲಾಭವಿಲ್ಲ. ರೈತನಿಗೆ ಕೋವಿ ಹೊತ್ತು ಬಸ್ಸಿನಲ್ಲಿ ಅಷ್ಟು ದೂರ ಹೋಗುವ ಧೈರ್ಯವಿಲ್ಲ. ಕೊನೆಗೆ ಕೆಲಸ ನಡೆಯುವುದು ಹಿತ್ತಲಿನ ಕೊಟ್ಟಿಗೆಯಲ್ಲಿ, ಕದ್ದುಮುಚ್ಚಿ. ಕಾನೂನು ಬಿಗಿಯಾಗಿದೆ, ಕಾನೂನಿನ ದಾರಿ ಮಾತ್ರ ಇಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುವಾಗ ನಂಬರಿನ ಜೊತೆ ಲಾಕನ್ನೂ ನೋಡುವುದು ಒಂದು ದಾರಿ. ಖಾಲಿ ಕೋವಿ, ಅರ್ಧ ಕುದುರೆ, ಟ್ರಿಗರಿನ ಮೇಲೆ ಬಲವಾದ ಎಳೆತ: ಕುದುರೆ ನಿಂತರೆ ಒಂದು ಪರೀಕ್ಷೆ ಪಾಸು. ಪೂರ್ತಿ ಕುದುರೆಯಲ್ಲಿ ಕೋವಿಯ ಹಿಡಿಗೆ ಅಂಗೈಯಿಂದ ತಟ್ಟಿದಾಗಲೂ ನಿಂತರೆ ಇನ್ನೊಂದು. ತಿಳಿದವರ ಕೈಯಲ್ಲಿ ಇದು ಕೆಲವೇ ನಿಮಿಷಗಳ ಕೆಲಸ. ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಯಲ್ಲಿಡಲು ಆದೇಶ ಬರುತ್ತದೆ, ಬೆಳೆಗಾರರು ಗೊಣಗುತ್ತಾರೆ, ಕೋವಿಗಳು ವಾರಗಟ್ಟಲೆ ಮೂಲೆಯಲ್ಲಿ ನಿಂತಿರುತ್ತವೆ. ಪೊಲೀಸರಲ್ಲೇ ಆಯುಧ ದುರಸ್ತಿ ಬಲ್ಲವರಿದ್ದಾರೆ. ಆ ವಾರಗಳಲ್ಲಿ ಒಬ್ಬರು ತಾಲ್ಲೂಕಿಗೆ ಬಂದು ನೋಡಿ, ಸರಿಯಿಲ್ಲದ್ದಕ್ಕೆ ಚೀಟಿ ಅಂಟಿಸಿದರೂ ಅದೊಂದು ದೊಡ್ಡ ಉಪಕಾರ. ಜೊತೆಗೆ ಮಲೆನಾಡು, ಕೊಡಗಿನ ಪ್ರತಿ ಜಿಲ್ಲೆಯಲ್ಲಿ ದುರಸ್ತಿಗೆ ಮಾತ್ರ ಸೀಮಿತವಾದ ಕೆಲವು ಪರವಾನಗಿಗಳನ್ನು, ತರಬೇತಿ ಮತ್ತು ದಾಖಲೆ ಪುಸ್ತಕದ ಷರತ್ತಿನ ಮೇಲೆ ಕೊಡಬಹುದು. 2016ರ ನಿಯಮಗಳಲ್ಲಿ ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯ ಮಾತಿದೆ. ಅದರಲ್ಲಿ ಅರ್ಧ ಕುದುರೆಯ ಪಾಠವೂ ಗಜದ ಪಾಠವೂ ಕನ್ನಡದಲ್ಲಿ ಸೇರಲಿ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತಳ್ಳಿಹಾಕುವಂಥವಲ್ಲ. ಮೊದಲನೆಯದು, ದುರಸ್ತಿಗೆ ಪರವಾನಗಿ ಹೆಚ್ಚಿಸಿದರೆ ಕಳ್ಳಕೋವಿ ಮಾಡುವವರಿಗೆ ನೆಪ ಸಿಗುತ್ತದೆ ಎಂಬುದು. ಭಯ ನಿಜ. ಆದರೆ ದಾಖಲೆಯಿಲ್ಲದ ಕೈಗಳಿಗೆ ಕೆಲಸವನ್ನು ದೂಡುತ್ತಿರುವುದು ಈಗಿನ ಅಭಾವವೇ. ಯಾವ ನಂಬರಿನ ಕೋವಿ ಬಂತು, ಏನು ಬದಲಿಸಲಾಯಿತು, ಯಾರಿಗೆ ಹಿಂದಿರುಗಿತು ಎಂದು ಪುಸ್ತಕದಲ್ಲಿ ಬರೆಯುವ ಅಂಗಡಿಯನ್ನು ಕಾಯುವುದು, ಕಾಣದ ಕೊಟ್ಟಿಗೆಯನ್ನು ಕಾಯುವುದಕ್ಕಿಂತ ಸುಲಭ. ಎರಡನೆಯದು, ಸೌರ ಬೇಲಿಯ ಕಾಲದಲ್ಲಿ ಈ ಕೋವಿಗಳೇ ಯಾಕೆ ಬೇಕು, ಹೋಗಲಿ ಬಿಡಿ ಎಂಬುದು. ಹೋಗಬಹುದು. ಆದರೆ ಬೆಳೆ ಕಾಯಲು ಇದನ್ನೇ ಕಾನೂನು ರೈತನ ಕೈಗೆ ಕೊಟ್ಟಿರುವಾಗ, ಹೋಗುವವರೆಗೂ ಅದು ಯಾರನ್ನೂ ಕೊಲ್ಲದಂತೆ ನೋಡಿಕೊಳ್ಳುವ ಹೊಣೆಯೂ ಅದೇ ಕಾನೂನಿನದು.

ಹೊಣೆ ಕಾನೂನಿನದು ಮಾತ್ರವೂ ಅಲ್ಲ. ವಾರಸಿಕೆಯ ಅರ್ಜಿಗೆ ಸಹಿ ಹಾಕುವ ಮಗನಿಗೋ ಮಗಳಿಗೋ ಪ್ರಾಮಾಣಿಕವಾದ ಒಂದು ಪ್ರಶ್ನೆ ಇದೆ: ಈ ಕೋವಿಯನ್ನು ಯಾರು, ಯಾವುದಕ್ಕೆ ಬಳಸುತ್ತಾರೆ? ತೋಟದಲ್ಲಿ ಉಳಿದ ತಮ್ಮ ಬಳಸುವುದಾದರೆ ಪರವಾನಗಿಯೂ ಅವನ ಹೆಸರಿಗೇ ಆಗಬೇಕು. ಲಾಕನ್ನು ಬಲ್ಲವರ ಹತ್ತಿರ ನೋಡಿಸಬೇಕು, ಟ್ರಿಗರ್ ಬದಲಾಗಬೇಕಿದ್ದರೆ ದೂರವಾದರೂ ಪರವಾನಗಿ ಇರುವ ಅಂಗಡಿಗೇ ಒಯ್ಯಬೇಕು. ಖರ್ಚು ಕೋವಿಯ ಬೆಲೆಗಿಂತ ಹೆಚ್ಚಾಯಿತು ಎಂದು ಗೊಣಗುವವರು ಒಂದು ಲೆಕ್ಕ ಮರೆಯುತ್ತಾರೆ: ಆ ಟ್ರಿಗರ್ ಕಾಯುವುದು ಕೋವಿಯನ್ನಲ್ಲ, ಅದನ್ನು ಹೊತ್ತು ಹೋಗುವ ತಮ್ಮನನ್ನು, ಅವನ ಮುಂದೆ ಟಾರ್ಚು ಹಿಡಿದು ನಡೆಯುವ ಆಳನ್ನು. ಯಾರೂ ಬಳಸುವುದಿಲ್ಲ ಎಂದಾದರೆ ನೆನಪಿಗಾಗಿ ಇರಲಿ ಎಂದು ಈಡು ತುಂಬಬಲ್ಲ ಕೋವಿಯನ್ನು ಬೀಗವಿಲ್ಲದ ಮನೆಯ ಗೋಡೆಯ ಮೇಲೆ ಬಿಡುವುದಕ್ಕಿಂತ, ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯುವುದು ಅಜ್ಜನಿಗೆ ತೋರುವ ಹೆಚ್ಚಿನ ಗೌರವ.